ಸೈಟಿಗೆ ಹೊತ್ತೊಯ್ಯುವ ಸ್ಲೈಡಿಂಗ್ ಮೈಟರ್ ಸಾ: 190 ಸಾಕೇ, 216 ಬೇಕೇ?

ಫ್ಲಾಟಿನ ಇಂಟೀರಿಯರ್ ಕೆಲಸಕ್ಕೆಂದು ಸ್ಲೈಡಿಂಗ್ ಮೈಟರ್ ಸಾ (ಬ್ಲೇಡನ್ನು ರಾಡಿನ ಮೇಲೆ ಹಿಂದೆಮುಂದೆ ಸರಿಸಿ ಮರವನ್ನು ನೇರವಾಗಿಯೋ ಕೋನದಲ್ಲೋ ಅಡ್ಡ ಕತ್ತರಿಸುವ ಮಷೀನು) ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ತೆಗೆದಿಡುವುದು 10 ಇಂಚಿನ, ಅಂದರೆ ಸುಮಾರು 254 ಮಿಮೀ ಬ್ಲೇಡಿನ ಮಷೀನು. ಬ್ಲೇಡ್ ದೊಡ್ಡದಿದ್ದರೆ ಎಲ್ಲ ಕೆಲಸಕ್ಕೂ ಆಯಿತು ಎನ್ನುವುದು ಅವರ ಮಾತು. ವರ್ಕ್‌ಶಾಪಿನ ಮೇಜಿಗೆ ಬೋಲ್ಟ್ ಹಾಕಿ ಕೂರಿಸುವುದಾದರೆ ಸರಿ. ಆದರೆ ವಾರಕ್ಕೊಂದು ಸೈಟ್, ಲಿಫ್ಟ್ ಇನ್ನೂ ಓಡದ ಕಟ್ಟಡ, ಮೂರನೇ ಮಹಡಿಯ ರೂಮಿನಲ್ಲಿ ಒಂದೇ ಒಂದು 6 ಆಂಪಿಯರ್ ಸಾಕೆಟ್: ಇಂಥ ಕಡೆ ಅದು ತಪ್ಪು ಆಯ್ಕೆ. ತೀರ್ಪನ್ನು ಮೊದಲೇ ಹೇಳಿಬಿಡೋಣ. ಬೀಡಿಂಗ್, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ), ಡ್ರಾಯರ್, ಫ್ಲೋರಿಂಗ್ ಮಾಡುವವರಿಗೆ 190 ಮಿಮೀ ಬ್ಲೇಡಿನ ಮಷೀನು ಸಾಕು. ಬಾಗಿಲಿನ ಚೌಕಟ್ಟಿನ ಮರವನ್ನೂ ಸೈಟಿನಲ್ಲೇ ಕತ್ತರಿಸುವವರಿಗೆ 216 ಬೇಕು. 10 ಇಂಚಿನದು ವರ್ಕ್‌ಶಾಪಿನಲ್ಲೇ ಇರಲಿ.

ಕಾರಣ ಅಳತೆಯಲ್ಲೇ ಇದೆ. ಸೈಟಿನಲ್ಲಿ ಈ ಮಷೀನಿನ ಕೆಳಗೆ ಬರುವುದು ಏನೇನು? ಡ್ರಾಯರಿನ ಪಕ್ಕದ 12 ಮಿಮೀ ಪ್ಲೈ ಪಟ್ಟಿಗಳು, 75ರಿಂದ 100 ಮಿಮೀ ಸ್ಕರ್ಟಿಂಗ್, ಬಾಗಿಲಿನ ಸುತ್ತ ಹೊಡೆಯುವ ಪಟ್ಟಿ, ಗಾಜಿನ ಬೀಡಿಂಗ್, ರೀಪರು, ಸುಮಾರು 195 ಮಿಮೀ ಅಗಲದ ಲ್ಯಾಮಿನೇಟ್ ಫ್ಲೋರಿಂಗ್ ಹಲಗೆ. ಇವುಗಳಲ್ಲಿ ಯಾವುದರ ದಪ್ಪವೂ 50 ಮಿಮೀ ದಾಟುವುದಿಲ್ಲ. ಬೇಕಾಗಿರುವುದು ಅಗಲ, ಎತ್ತರವಲ್ಲ. ಆ ಅಗಲ ಸಿಗುವುದು ಸ್ಲೈಡ್ ರಾಡಿನಿಂದ, ಬ್ಲೇಡಿನ ಗಾತ್ರದಿಂದಲ್ಲ. ಸ್ಲೈಡ್ ಇಲ್ಲದ 10 ಇಂಚಿನ ಮಷೀನು ಸುಮಾರು 130ರಿಂದ 150 ಮಿಮೀ ಅಗಲಕ್ಕೇ ನಿಂತುಬಿಡುತ್ತದೆ. 190 ಮಿಮೀ ಬ್ಲೇಡಿನ ಮಕಿತಾ ಎಲ್ಎಸ್0714 ನೇರ ಕಟ್ಟಿನಲ್ಲಿ 300 ಮಿಮೀ ಅಗಲ, 52 ಮಿಮೀ ದಪ್ಪ ಕತ್ತರಿಸುತ್ತದೆ. 45 ಡಿಗ್ರಿಗೆ ತಿರುಗಿಸಿದರೆ ಅಗಲ 212 ಮಿಮೀಗೆ ಇಳಿಯುತ್ತದೆ. ಯಾವ ಮಷೀನಿನದಾದರೂ ನೇರ ಅಗಲವನ್ನು 0.7ರಿಂದ ಗುಣಿಸಿದರೆ 45 ಡಿಗ್ರಿಯ ಅಗಲ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ, ಪೆಟ್ಟಿಗೆಯ ಮೇಲೆ ಬರೆದಿರದಿದ್ದರೂ. ವಾರ್ಡ್‌ರೋಬಿನ 550 ಮಿಮೀ ಶೆಲ್ಫನ್ನು ಈ ಯಾವ ಮಷೀನೂ ಕತ್ತರಿಸದು. ಅದಕ್ಕೆ ಗೈಡ್ ಪಟ್ಟಿ ಇಟ್ಟು ಸರ್ಕ್ಯುಲರ್ ಸಾ ಓಡಿಸಬೇಕು. ಆ ಆಸೆಯಿಂದ ದೊಡ್ಡ ಮಷೀನು ಕೊಳ್ಳಬೇಡಿ.

ಚೌಕಟ್ಟಿನ ಮರದ ಲೆಕ್ಕ ಬೇರೆ. 4×2½ ಇಂಚಿನ ಮರದಲ್ಲಿ ಎರಡೂವರೆ ಇಂಚು ಎಂದರೆ 63.5 ಮಿಮೀ. 52 ಮಿಮೀ ಆಳದ ಮಷೀನಿನಲ್ಲಿ ಅದು ಒಂದೇ ಸಲಕ್ಕೆ ತುಂಡಾಗುವುದಿಲ್ಲ. ಬಾಷ್ ಜಿಸಿಎಂ 8 ಎಸ್‌ಜೆಎಲ್ 216 ಮಿಮೀ ಬ್ಲೇಡಿನಲ್ಲಿ 70 ಮಿಮೀ ದಪ್ಪ, 312 ಮಿಮೀ ಅಗಲ ಕೊಡುತ್ತದೆ, ಆದ್ದರಿಂದ ಎರಡೂವರೆ ಇಂಚು ಸಲೀಸು. 5×3ರ ಮರ ಮಾತ್ರ ಇದರಲ್ಲೂ ಕಷ್ಟ: ಮೂರು ಇಂಚು 76 ಮಿಮೀ. ಪ್ಲೇನ್ ಹೊಡೆದು 70ರ ಒಳಗೆ ಇಳಿದಿದ್ದರೆ ಆಯಿತು, ಇಲ್ಲವಾದರೆ ಮಗುಚಿ ಎರಡು ಸಲ ಕತ್ತರಿಸಬೇಕು. ಆಗ ಮಷೀನಿನ ಮೂಲೆಯಲ್ಲಿ ಎಷ್ಟು ತಪ್ಪಿದೆಯೋ ಅದರ ಎರಡರಷ್ಟು ಮೆಟ್ಟಿಲು ಮರದ ನಡುವೆ ಎದ್ದು ಕಾಣುತ್ತದೆ.

ಮೆಟಾಬೊ ಕೆಜಿಎಸ್ 216 ಎಂ ಕೂಡ ಇದೇ ಗಾತ್ರದ್ದು: 305 ಮಿಮೀ ಅಗಲ, 65 ಮಿಮೀ ದಪ್ಪ. ತೂಕ 13.5 ಕಿಲೋ, ಅಂದರೆ 190ರ ಮಷೀನಿನ ಹತ್ತಿರಕ್ಕೇ ಬಂತು. ಬಾಷ್ 17.3 ಕಿಲೋ. ಡಿವಾಲ್ಟ್ ಡಿಡಬ್ಲ್ಯುಎಸ್774ರಲ್ಲಿ ಬ್ಲೇಡಿನ ನೆರಳನ್ನೇ ಮರದ ಮೇಲೆ ಬೀಳಿಸುವ ಬೆಳಕಿನ ವ್ಯವಸ್ಥೆ ಇದೆ. ಗೆರೆ ಹಿಡಿಯಲು ಲೇಸರ್‌ಗಿಂತ ಇದೇ ಮೇಲು, ಏಕೆಂದರೆ ನೆರಳು ಬ್ಲೇಡಿನದೇ. ಬ್ಲೇಡ್ ಬದಲಿಸಿದರೂ ಹೊಂದಾಣಿಕೆ ತಪ್ಪುವ ಪ್ರಶ್ನೆಯಿಲ್ಲ. ಆದರೆ ಅದರ ಅಗಲ 250 ಮಿಮೀ ಮಾತ್ರ. 45 ಡಿಗ್ರಿಯಲ್ಲಿ 176ರ ಸುತ್ತಮುತ್ತ, ಫ್ಲೋರಿಂಗ್ ಹಲಗೆಗೆ ಸಾಲದು. ಫೆಸ್ಟೂಲ್ ಕಾಪೆಕ್ಸ್ ಕೆಎಸ್ 60 ಅಚ್ಚುಕಟ್ಟಾದ ಮಷೀನು, 305×60, ಆದರೆ 17.8 ಕಿಲೋ. ಅದಕ್ಕೆ ಹಾಕುವ ಹಣಕ್ಕೆ ತಕ್ಕ ನುಣುಪು ಕೆಲಸ ಕೈಯಲ್ಲಿರುವವರಿಗಷ್ಟೇ. 10 ಇಂಚಿನ ಸ್ಲೈಡಿಂಗ್ ಮಷೀನುಗಳಲ್ಲಿ ಹಲವು 20 ಕಿಲೋ ಆಸುಪಾಸಿನವು ಇಲ್ಲವೇ ಅದಕ್ಕೂ ಭಾರ. ಎಲ್ಎಸ್0714 ಸುಮಾರು 13 ಕಿಲೋ. ಒಂದು ಕೈಯಲ್ಲಿ ಮಷೀನು, ಇನ್ನೊಂದರಲ್ಲಿ ಟೂಲ್ ಬ್ಯಾಗ್ ಹಿಡಿದು ಮೆಟ್ಟಿಲು ಹತ್ತುವವರಿಗೆ ಆ ಏಳು ಕಿಲೋ ಸಣ್ಣ ವ್ಯತ್ಯಾಸವಲ್ಲ.

ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಕರೆಂಟಿನದು. ನಮ್ಮ ಫ್ಲಾಟುಗಳ ರೂಮುಗಳಲ್ಲಿ ಸಾಮಾನ್ಯ ಸಾಕೆಟ್ 6 ಆಂಪಿಯರಿನದು. 16 ಆಂಪಿಯರಿನದು ಅಡುಗೆಮನೆಯಲ್ಲಿ, ಗೀಸರ್ ಮತ್ತು ಎಸಿ ಪಾಯಿಂಟಿನಲ್ಲಿ ಮಾತ್ರ. 230 ವೋಲ್ಟಿನಲ್ಲಿ 1600 ವ್ಯಾಟಿನ ಬಾಷ್ ಸುಮಾರು 7 ಆಂಪಿಯರ್ ಎಳೆಯುತ್ತದೆ, 1500 ವ್ಯಾಟಿನ ಮೆಟಾಬೊ ಆರೂವರೆ. ಎರಡೂ 6 ಆಂಪಿಯರ್ ಸಾಕೆಟ್ಟಿನ ಮಿತಿ ದಾಟುತ್ತವೆ. 1010 ವ್ಯಾಟಿನ ಮಕಿತಾ 4.4 ಆಂಪಿಯರಿಗೆ ನಿಲ್ಲುತ್ತದೆ. ಪಿನ್ ಒಳಗೆ ಹೋಯಿತೆಂದರೆ ಸಾಕೆಟ್ ತಡೆಯುತ್ತದೆ ಎಂದಲ್ಲ. ಮಾಲೀಕರ ಹೊಸ ಸ್ವಿಚ್ ಬೋರ್ಡು ಬಿಸಿಯಾಗಿ ಕಪ್ಪಾದರೆ ಆ ದಿನದ ಕೂಲಿ ಅಲ್ಲಿಗೇ ಹೋಯಿತು. 216ರ ಮಷೀನು ಕೊಂಡವರು 16 ಆಂಪಿಯರ್ ಪಾಯಿಂಟಿನಿಂದ ಲೈನ್ ಎಳೆಯಬೇಕು, ಮೂರು ಕೋರಿನ 1.5 ಚದರ ಮಿಮೀ ತಾಮ್ರದ ಕೇಬಲ್ಲಿನಲ್ಲಿ. 30 ಮೀಟರ್ ಎಳೆದರೆ ಅದರಲ್ಲಿ 5–6 ವೋಲ್ಟ್ ಸೋರುತ್ತದೆ, ತೊಂದರೆಯಿಲ್ಲ. 0.75ರ ತೆಳು ವೈರಾದರೆ ಸೋರಿಕೆ ಎರಡರಷ್ಟಾಗುತ್ತದೆ. ಸ್ಟಾರ್ಟ್ ಆಗುವಾಗ ಮೋಟಾರು ಹಲವು ಪಟ್ಟು ಹೆಚ್ಚು ಎಳೆಯುವುದರಿಂದ ಆ ಕ್ಷಣದಲ್ಲಿ ಮುಲುಗುತ್ತದೆ, ಕಾರ್ಬನ್ ಬ್ರಷ್ ಬೇಗ ಸವೆಯುತ್ತದೆ. ಕೇಬಲ್ ರೀಲನ್ನು ಸುತ್ತಿದಂತೆಯೇ ಬಳಸಬೇಡಿ, ಒಳಸುತ್ತುಗಳು ಬಿಸಿಯಾಗುತ್ತವೆ.

ವ್ಯಾಟ್ ಕಡಿಮೆ ಎಂದರೆ ಕತ್ತರಿಸುವ ವೇಗವೂ ಕಡಿಮೆ ಎಂದುಕೊಳ್ಳಬಾರದು. 190 ಮಿಮೀ ಬ್ಲೇಡ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 60 ಮೀಟರ್. 216ರ ಬಾಷ್ 5500 ಸುತ್ತಿನಲ್ಲಿ 62. ಮರಕ್ಕೆ ಇವೆರಡೂ ಒಂದೇ. ವ್ಯತ್ಯಾಸ ಕಾಣುವುದು 50 ಮಿಮೀ ದಪ್ಪದ ಹೊನ್ನೆಯಂಥ ಗಟ್ಟಿ ಮರದಲ್ಲಿ, ಅಲ್ಲಿ ಸಣ್ಣ ಮೋಟಾರಿಗೆ ನಿಧಾನವಾಗಿ ಉಣಿಸಬೇಕು.

ಹಗುರ ಮಷೀನಿನ ನಿಜವಾದ ದೌರ್ಬಲ್ಯ ಹೆಡ್ಡಿನ (ಮೋಟಾರು, ಬ್ಲೇಡ್ ಇರುವ ಮೇಲ್ಭಾಗ) ಅಲುಗಾಟ. ರಾಡು ತೆಳುವಾದಷ್ಟೂ, ಹೆಡ್ಡನ್ನು ಮುಂದಕ್ಕೆ ಎಳೆದಷ್ಟೂ ಪಕ್ಕಕ್ಕೆ ಬಾಗುವುದು ಹೆಚ್ಚು. ಅಂಗಡಿಯಲ್ಲೇ ಪರೀಕ್ಷಿಸಿ. ಪ್ಲಗ್ ತೆಗೆದಿರಲಿ. ಹೆಡ್ಡನ್ನು ಪೂರ್ತಿ ಮುಂದಕ್ಕೆ ಎಳೆದು, ಕೆಳಗಿಳಿಸಿ, ಹಿಡಿಯನ್ನು ಎರಡು ಬೆರಳಿನಿಂದ ಎಡಕ್ಕೆ ಬಲಕ್ಕೆ ಮೆಲ್ಲಗೆ ಒತ್ತಿ. ರಾಡು ತುಸು ಬಾಗಿ ವಾಪಸು ಬಂದರೆ ಸಹಜ. ಟಕ್ ಎಂದು ಸದ್ದಾಗಿ ಸರಿದರೆ ಬೇರಿಂಗಿನಲ್ಲೋ ಕೀಲಿನಲ್ಲೋ ಸಡಿಲ ಇದೆ, ಆ ಪೀಸು ಬೇಡ. ಆಮೇಲೆ ಒಂದು ಸ್ಟೀಲ್ ಸ್ಕೇಲನ್ನು ಫೆನ್ಸಿನ (ಮರವನ್ನು ಒರಗಿಸುವ ಹಿಂದಿನ ಗೋಡೆ) ಎಡ ಬಲ ಎರಡೂ ಭಾಗಕ್ಕೆ ಸೇರಿಸಿ ಅಡ್ಡ ಹಿಡಿದು ಬೆಳಕು ನೋಡಿ. ಎರಡು ಭಾಗಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಮರವನ್ನು ಎಡಕ್ಕಿಟ್ಟಾಗ ಒಂದು ಕೋನ, ಬಲಕ್ಕಿಟ್ಟಾಗ ಇನ್ನೊಂದು ಬರುತ್ತದೆ. ಫೆನ್ಸ್ ಒಂದೇ ಅಚ್ಚಿನ ಎರಕವಾಗಿದ್ದರೆ ಇದನ್ನು ಆಮೇಲೆ ತಿದ್ದಲಾಗದು. ಕೋನದ ಲಾಕ್ ಬಿಗಿಯುವಾಗ ಡಿಗ್ರಿ ತೋರಿಸುವ ಮುಳ್ಳು ಕದಲುತ್ತದೆಯೇ ಎಂದೂ ನೋಡಿ. ರಾಡು ಹಿಂದಕ್ಕೆ ಚಾಚುವ ಮಷೀನಾದರೆ ಹಿಂಬದಿಗೆ ಎಷ್ಟು ಜಾಗ ಬೇಕೆಂದು ಅಳೆಯಿರಿ. ಸಣ್ಣ ಬೆಡ್‌ರೂಮಿನ ಗೋಡೆಗೆ ಒರಗಿಸಿ ಇಡಬೇಕಾದಾಗ ಇದು ಗೊತ್ತಾಗುತ್ತದೆ.

ಪೆಟ್ಟಿಗೆಯಿಂದ ತೆಗೆದ ಮಷೀನು ಮೂಲೆಮಟ್ಟಕ್ಕೆ (90 ಡಿಗ್ರಿ ನೋಡುವ ಉಪಕರಣ) ಸರಿಯಾಗಿದೆ ಎಂದು ನಂಬಬೇಡಿ. ಕಂಪನಿಯಲ್ಲಿ ಹೊಂದಿಸಿದ್ದು ಲಾರಿಯ ಕುಲುಕಿನಲ್ಲಿ ತಪ್ಪಿರಬಹುದು. 250–300 ಮಿಮೀ ಅಗಲದ, ಅಂಚು ನೇರ ಇರುವ ಪ್ಲೈ ತುಂಡನ್ನು ನಡುವೆ ಕತ್ತರಿಸಿ. ಒಂದು ತುಂಡನ್ನು ಮಗುಚಿ, ಎರಡನ್ನೂ ನೇರ ಪಟ್ಟಿಗೆ ಒರಗಿಸಿ, ಕತ್ತರಿಸಿದ ಅಂಚುಗಳನ್ನು ಜೋಡಿಸಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. 300 ಮಿಮೀ ಅಗಲಕ್ಕೆ 0.1 ಡಿಗ್ರಿ ತಪ್ಪಿದರೆ ಅರ್ಧ ಮಿಮೀ, ಮಗುಚಿದಾಗ ಒಂದು ಮಿಮೀ ಸಂದು. ಕಣ್ಣಿಗೆ ಧಾರಾಳ ಕಾಣುತ್ತದೆ. ತಿದ್ದಲು ಫೆನ್ಸಿನ ಬೋಲ್ಟುಗಳನ್ನು ಅಲೆನ್ ಕೀಲಿಯಿಂದ ಸಡಿಲಿಸಿ, ಮೂಲೆಮಟ್ಟವನ್ನು ಬ್ಲೇಡಿನ ತಟ್ಟೆಗೆ ತಾಗಿಸಿ ಹೊಂದಿಸಿ, ಅಡ್ಡಾದಿಡ್ಡಿ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಮೂಲೆಮಟ್ಟ ಹಲ್ಲಿಗೆ ತಾಗಬಾರದು, ಹಲ್ಲು ತಟ್ಟೆಗಿಂತ ದಪ್ಪ. ಬಿಗಿಯುವಾಗಲೇ ಫೆನ್ಸ್ ಸರಿಯುವುದರಿಂದ ಮತ್ತೊಮ್ಮೆ ಕತ್ತರಿಸಿ ನೋಡಲೇಬೇಕು. ಕಟ್ಟಿನ ಒಂದೇ ಪಕ್ಕ ಸುಟ್ಟ ಕಲೆ ಬರುತ್ತಿದ್ದರೆ ಬ್ಲೇಡು ರಾಡಿನ ದಾರಿಗೆ ಸಮಾನಾಂತರವಾಗಿಲ್ಲ, ಹಿಂಬದಿಯ ಹಲ್ಲುಗಳೂ ಮರ ಕೆರೆಯುತ್ತಿವೆ ಎಂದರ್ಥ. ಹೊಸ ಮಷೀನಿನಲ್ಲಿ ಇದು ಕಂಡರೆ ವಾಪಸು ಕೊಡುವುದೇ ಲೇಸು.

ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಮಷೀನಿನ ಜೊತೆ ಬರುವ 24 ಹಲ್ಲಿನದು ರೀಪರಿಗೆ ಸರಿ, ಮೈಕಾ ಹಚ್ಚಿದ ಪ್ಲೈಗೆ ಇಟ್ಟರೆ ಅಂಚಿನುದ್ದಕ್ಕೂ ಚಕ್ಕೆ ಏಳುತ್ತದೆ. 190ಕ್ಕೆ 48ರಿಂದ 60, 216ಕ್ಕೆ 48ರಿಂದ 64 ಹಲ್ಲು ತೆಗೆದುಕೊಳ್ಳಿ. ಹಲ್ಲಿನ ಮುಖ ಹಿಂದಕ್ಕೆ ವಾಲಿರಬೇಕು, ಪೆಟ್ಟಿಗೆಯ ಮೇಲೆ ಮೈನಸ್ 5 ಡಿಗ್ರಿ ಎಂದೋ ಅದರ ಹತ್ತಿರವೋ ಬರೆದಿರುತ್ತದೆ. ಸರ್ಕ್ಯುಲರ್ ಸಾಗೆ ಮಾಡಿದ, ಮುಂದಕ್ಕೆ ಬಾಗಿದ ಹಲ್ಲಿನ ಬ್ಲೇಡ್ ಸ್ಲೈಡಿಂಗ್ ಮಷೀನಿನಲ್ಲಿ ಮರವನ್ನು ಮೇಲಕ್ಕೆ ಕೀಳುತ್ತದೆ, ಹೆಡ್ಡನ್ನು ತಾನೇ ಎಳೆದುಕೊಂಡು ಓಡುತ್ತದೆ. ಒಳತೂತು 20, 25.4, 30 ಮಿಮೀ ಎಂದು ಬೇರೆ ಬೇರೆ ಇರುವುದರಿಂದ ಹಳೇ ಬ್ಲೇಡನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತು ಮಷೀನಿನದಕ್ಕಿಂತ ಹೆಚ್ಚಿರಬೇಕು. 216ರ ಬ್ಲೇಡ್ ಸಣ್ಣ ಊರಿನ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ತೇಗದಲ್ಲಿ ಸಿಲಿಕಾ ಇದೆ, ಪ್ಲೈಯಲ್ಲಿ ಗಟ್ಟಿ ಅಂಟು ಇದೆ, ಎರಡೂ ಹಲ್ಲಿನ ಮೊನೆ ತಿನ್ನುತ್ತವೆ. ಆದರೆ ಬ್ಲೇಡ್ ಮೊಂಡಾಯಿತು ಎನ್ನುವ ಮುನ್ನ ತೊಳೆದು ನೋಡಿ. ಹಲ್ಲಿನ ಪಕ್ಕ ಕಟ್ಟಿದ ಅಂಟು ತೆಗೆದರೆ ಎಷ್ಟೋ ಬ್ಲೇಡುಗಳು ಮತ್ತೆ ಓಡುತ್ತವೆ.

ಕೂರಿಸುವುದೂ ಮುಖ್ಯ. ಹಗುರ ಮಷೀನು ಹೆಡ್ ಹಿಂದಕ್ಕೆ ತಳ್ಳಿ ಮೇಲೆತ್ತಿದಾಗ ಹಿಂದಕ್ಕೆ ಮಗುಚಲು ನೋಡುತ್ತದೆ. 18 ಮಿಮೀ ಪ್ಲೈ ಹಲಗೆಗೆ ನಾಲ್ಕು ಬೋಲ್ಟ್ ಹಾಕಿ, ಆ ಹಲಗೆಯನ್ನು ಸ್ಟ್ಯಾಂಡಿಗೆ ಕ್ಲಾಂಪ್ ಮಾಡಿ. ಮಷೀನಿನ ಟೇಬಲ್ ಎಷ್ಟು ಎತ್ತರವೋ ಅಷ್ಟೇ ಎತ್ತರದ ಎರಡು ಪೆಟ್ಟಿಗೆಗಳನ್ನು ಚೂರು ಪ್ಲೈಯಲ್ಲೇ ಮಾಡಿ ಎರಡೂ ಪಕ್ಕ ಇಟ್ಟರೆ ಎಂಟು ಅಡಿ ಸ್ಕರ್ಟಿಂಗ್ ಜೋಲದೆ ನಿಲ್ಲುತ್ತದೆ. ಒಂದೇ ಅಳತೆಯ ಡ್ರಾಯರ್ ತುಂಡುಗಳಿಗೆ ತಡೆ ಕಟ್ಟೆ ಇಡುವಾಗ ಅದರ ಕೆಳ ಅಂಚನ್ನು ಸ್ವಲ್ಪ ಹೆರೆದಿಡಿ. ಇಲ್ಲವಾದರೆ ಅಲ್ಲಿ ಹೊಟ್ಟು ಸೇರಿ ಹತ್ತನೇ ತುಂಡು ಮೊದಲನೆಯದಕ್ಕಿಂತ ಗಿಡ್ಡ ಬರುತ್ತದೆ.

ಕತ್ತರಿಸುವ ಕ್ರಮ: ಅಗಲ ಹಲಗೆಗೆ ಹೆಡ್ಡನ್ನು ಮೊದಲು ನಿಮ್ಮ ಕಡೆಗೆ ಎಳೆಯಿರಿ, ಸ್ಟಾರ್ಟ್ ಮಾಡಿ ಪೂರ್ತಿ ವೇಗ ಬಂದ ಮೇಲೆ ಕೆಳಗಿಳಿಸಿ, ಹಿಂದಕ್ಕೆ ತಳ್ಳುತ್ತಾ ಕತ್ತರಿಸಿ. ಎಳೆಯುತ್ತಾ ಕತ್ತರಿಸಿದರೆ ಬ್ಲೇಡ್ ಮರದ ಮೇಲೆ ಹತ್ತಿ ಎದೆಯ ಕಡೆಗೆ ನುಗ್ಗುತ್ತದೆ. ಮುಗಿದ ಮೇಲೆ ಟ್ರಿಗರ್ ಬಿಟ್ಟು, ಬ್ಲೇಡ್ ಕೆಳಗಿದ್ದಂತೆಯೇ ನಿಲ್ಲಲು ಬಿಡಿ. ತಿರುಗುವ ಬ್ಲೇಡನ್ನು ಮೇಲೆತ್ತಿದರೆ ಸಣ್ಣ ಬೀಡಿಂಗ್ ತುಂಡು ಹಲ್ಲಿಗೆ ಸಿಕ್ಕಿ ಗುಂಡಿನಂತೆ ಹಾರುತ್ತದೆ. ಕಿರಿದಾದ ಪಟ್ಟಿಗೆ ರಾಡನ್ನು ಲಾಕ್ ಮಾಡಿ ನೇರ ಕೆಳಗೆ ಇಳಿಸಿದರೆ ಸಾಕು, ಕೋನವೂ ಇನ್ನಷ್ಟು ಕರಾರುವಾಕ್ಕು. ಪಾಲಿಶ್ ಪಟ್ಟಿಯ ಕೆಳಮೈ ಕಿತ್ತು ಬರುತ್ತಿದ್ದರೆ 6 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡನ್ನು ಟೇಬಲ್ಲಿಗೂ ಫೆನ್ಸಿಗೂ ಎರಡು ಮೈ ಟೇಪಿನಿಂದ ಅಂಟಿಸಿ. ಬ್ಲೇಡ್ ತನ್ನದೇ ಸೀಳು ಮಾಡಿಕೊಳ್ಳುತ್ತದೆ, ನಾರಿಗೆ ಆಸರೆ ಸಿಗುತ್ತದೆ. ಆಳದಲ್ಲಿ 6 ಮಿಮೀ ಕಡಿಮೆಯಾಗುವುದನ್ನು ನೆನಪಿಡಿ.

ಅಲ್ಯುಮಿನಿಯಂ ಸೆಕ್ಷನ್ ಕತ್ತರಿಸಲು ಮ್ಯಾನ್ಯುಯಲ್ ಒಪ್ಪಿದರೆ ಮಾತ್ರ, ಅದಕ್ಕೆಂದೇ ಇರುವ ಬ್ಲೇಡಿನಲ್ಲಿ, ಕ್ಲಾಂಪ್ ಹಾಕಿ, ಮೊದಲು ಹೊಟ್ಟಿನ ಚೀಲ ತೆಗೆದು. ಬಿಸಿ ಚೂರು ಒಣ ಹೊಟ್ಟಿಗೆ ಬಿದ್ದರೆ ಬೆಂಕಿ. ಕಬ್ಬಿಣ ಎಂದಿಗೂ ಬೇಡ.

ಹೊಟ್ಟಿನ ಚೀಲದ ವಿಷಯದಲ್ಲಿ ಯಾವ ಕಂಪನಿಯ ಮಷೀನಿಗೂ ಒಳ್ಳೆಯ ಅಂಕ ಕೊಡಲಾಗದು. ಚೀಲ ಹಿಡಿಯುವುದು ದಪ್ಪ ಹೊಟ್ಟನ್ನು, ಎಂಡಿಎಫ್ ಮತ್ತು ತೇಗದ ನುಣ್ಣನೆಯ ಧೂಳು ಗಾಳಿಯಲ್ಲೇ ಉಳಿಯುತ್ತದೆ. ಮರದ ಧೂಳು ಕ್ಯಾನ್ಸರಿಗೆ ಖಚಿತ ಕಾರಣಗಳ ಪಟ್ಟಿಯಲ್ಲಿದೆ, ಕರ್ಚೀಫು ಅದನ್ನು ತಡೆಯುವುದಿಲ್ಲ. ವ್ಯಾಕ್ಯೂಮ್ ಪೈಪ್ ಹಾಕಿ, ಎನ್95 ಮಾಸ್ಕ್ ಕಟ್ಟಿ, ಸಹಾಯಕ ಹುಡುಗನಿಗೂ ಒಂದು ಕೊಡಿ. ಕನ್ನಡಕವೂ ಕಿವಿಯ ಮುಚ್ಚಳವೂ ಬೇಕೇ ಬೇಕು.

ಕರೆಂಟ್ ಇನ್ನೂ ಬಾರದ ಕಟ್ಟಡಗಳಲ್ಲೇ ಹೆಚ್ಚು ಕೆಲಸವಿದ್ದರೆ ಮಕಿತಾ ಡಿಎಲ್ಎಸ್714 ನೋಡಬಹುದು. ಎರಡು 18 ವೋಲ್ಟ್ ಬ್ಯಾಟರಿಯಿಂದ ಓಡುವ ಇದೂ 190 ಮಿಮೀ ಬ್ಲೇಡಿನದು, ಸಾಮರ್ಥ್ಯ ಅದೇ 300×52. ಆದರೆ ಅದೇ ಬ್ಯಾಟರಿಯ ಡ್ರಿಲ್, ಸರ್ಕ್ಯುಲರ್ ಸಾ ನಿಮ್ಮಲ್ಲಿ ಈಗಾಗಲೇ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಇಲ್ಲವಾದರೆ ನಾಲ್ಕು ಬ್ಯಾಟರಿ, ಚಾರ್ಜರಿನ ಹಣದಲ್ಲಿ ವೈರಿನ ಮಷೀನು ಕೊಂಡು ಒಳ್ಳೆಯ ಬ್ಲೇಡ್ ಎರಡು ತರಬಹುದು.

ಬಿಲ್ ಮಾಡಿಸುವ ಮುನ್ನ ಕಾರ್ಬನ್ ಬ್ರಷ್, ಕೆಳ ಗಾರ್ಡು ಮತ್ತು ಟೇಬಲ್ಲಿನ ಸೀಳುಪಟ್ಟಿ (ಬ್ಲೇಡ್ ಇಳಿಯುವ ಸೀಳಿರುವ ಪಟ್ಟಿ) ನಿಮ್ಮ ಜಿಲ್ಲೆಯ ಸರ್ವಿಸ್ ಸೆಂಟರಿನಲ್ಲಿ ಇವೆಯೇ ಎಂದು ಫೋನು ಮಾಡಿ ಕೇಳಿ. ಮೊದಲು ಸವೆಯುವುದು, ಒಡೆಯುವುದು ಇವೇ. ಬ್ರಷ್ ಅನ್ನು ಜೋಡಿಯಾಗಿಯೇ ಬದಲಿಸಬೇಕು, ಅದರ ಮೇಲಿನ ಗೆರೆ ಸವೆದು ಮುಟ್ಟುವ ಮೊದಲೇ. ಗೆರೆ ದಾಟಿ ಓಡಿಸಿದರೆ ಕಿಡಿ ಹಾರಿ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸುಡುತ್ತದೆ. ಬ್ರಷ್ ಜೋಡಿಯ ಬೆಲೆ ಆರ್ಮೇಚರಿನ ಬೆಲೆಯ ಮುಂದೆ ಏನೂ ಅಲ್ಲ.