ನೆಟ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದದ್ದು ಹಿಂದೆಮುಂದೆ ಆಗಿದ್ದರೆ ಸಹಿಸಿಕೊಳ್ಳಿ.

ರದ್ದು ಮಾಡಿದ ಬಸ್ ಟಿಕೆಟ್ಟಿನ 640 ರೂಪಾಯಿ ವಾಪಸ್ ಬರಬೇಕಿತ್ತು, ಬಂದಿರಲಿಲ್ಲ. ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಎಲ್ಲಕ್ಕಿಂತ ಮೇಲೇ ಒಂದು ಸಿಕ್ತು, ಲೋಗೋ ಸಮೇತ. ಫೋನ್ ಎತ್ತಿದವನದು ಸೊಗಸಾದ ಕನ್ನಡ, ಎಂಥಾ ವಿನಯ! "ಓಟಿಪಿ ಯಾರಿಗೂ ಹೇಳಬೇಡಿ ಮೇಡಂ, ನಮಗೂ ಹೇಳಬೇಡಿ" ಅಂತ ಅವನೇ ಎಚ್ಚರಿಸಿದ. ಕಳ್ಳನೇ ಬೀಗ ಹಾಕಿಕೊಳ್ಳಿ ಅಂದರೆ ಯಾರಿಗೆ ಅನುಮಾನ ಬರುತ್ತೆ ಹೇಳಿ.

ದುಡ್ಡು ಬರೋಕೆ ಪಿನ್ ಹಾಕಬೇಕಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಅವನು ದುಡ್ಡಿನ ಮಾತೇ ಎತ್ತಲಿಲ್ಲ. "ನಿಮ್ಮ ರಿಫಂಡ್ ಟೋಕನ್ 18764, ಬರ್ಕೊಳ್ಳಿ" ಅಂದ. ಆಮೇಲೆ ಯುಪಿಐ ಆಪ್ ತೆರೆಸಿ, ಒಂದು ಐಡಿ ಹೇಳಿ, ಆ ಟೋಕನ್ನನ್ನು ಬಾಕ್ಸಿನಲ್ಲಿ ಹಾಕಿ ಅಂದ. ಅದು ಮೊತ್ತ ಹಾಕುವ ಬಾಕ್ಸು. ಕೇಳದೇ ಬಿಡಲಿಲ್ಲ ನಾನು.

"ರೂಪಾಯಿ ಗುರುತು ಕಾಣ್ತಿದೆಯಲ್ಲ?"
"ಅದು ಎಲ್ಲಾ ಬಾಕ್ಸಲ್ಲೂ ಬರುತ್ತೆ ಮೇಡಂ."
"ಯಾರದೋ ಹೆಸರು ತೋರಿಸ್ತಿದೆ?"
"ನಮ್ಮ ರಿಫಂಡ್ ಆಫೀಸರ್ ಹೆಸರು ಮೇಡಂ. ಬೇಗ ಹಾಕಿ, ಟೋಕನ್ ಎರಡೇ ನಿಮಿಷ ಇರೋದು."

ಎರಡೇ ನಿಮಿಷ! ಯೋಚನೆಗೆ ಬಿಡುವು ಕೊಡಬಾರದು, ಅಷ್ಟೇ ಅವನಿಗೆ ಬೇಕಾಗಿದ್ದು. ಪಿನ್ ಹಾಕಿದ ಮರುಕ್ಷಣ ಮೆಸೇಜ್: 18,764 ರೂಪಾಯಿ ಡೆಬಿಟ್. ಟೋಕನ್ ಅಂದಿದ್ದ ಅದೇ ಅಂಕಿ. ಕಿವಿಯೆಲ್ಲ ಬಿಸಿಯಾಯ್ತು. ಕೂಗಾಡಿದರೆ ಅವನು ಮಾತ್ರ ತಣ್ಣಗೆ, "ಕಟ್ ಆಗಿಲ್ಲ ಮೇಡಂ, ಹೋಲ್ಡ್ ಆಗಿದೆ. ರಿವರ್ಸ್ ಮಾಡೋಕೆ ಇನ್ನೊಂದು ಟೋಕನ್ ಕೊಡ್ತೀನಿ." ಇನ್ನೊಂದು! ಪೊಲೀಸರಿಗೆ ಹೇಳ್ತೀನಿ ಅಂದೆ. "ಹೇಳ್ಕೊಳ್ಳಕ್ಕಾ" ಅಂತ ನಕ್ಕು ಇಟ್ಟ. ಅಲ್ಲಿವರೆಗೂ ಮೇಡಂ ಆಗಿದ್ದವಳು ಅಕ್ಕ ಆದೆ. ದುಡ್ಡಿಗಿಂತ ಆ ನಗು ಉರಿಸ್ತಿದೆ.

ಬ್ಯಾಂಕಿನವರ ಮೊದಲ ಪ್ರಶ್ನೆ, "ಪಿನ್ ನೀವೇ ಹಾಕಿದ್ದಲ್ವಾ?" ಅದಾದ ಮೇಲೆ ಏನು ಹೇಳಿದರೂ ಅವರ ಮುಖದಲ್ಲಿ ಅದೇ ಪ್ರಶ್ನೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಗ್ರಾಹಕರ ಅಜಾಗರೂಕತೆ ಅಂತಾದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಗ್ರಾಹಕರದ್ದೇ. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದ್ದು. ಮೋಸಗಾರ ಹೇಳಿಕೊಟ್ಟು ಹಾಕಿಸಿದ್ದೂ ಇವರ ಲೆಕ್ಕದಲ್ಲಿ ಅಜಾಗರೂಕತೆ!

ಹೀಗಾದರೆ ಬ್ಯಾಂಕಿನ ಕ್ಯೂನಲ್ಲಿ ನಿಲ್ಲೋ ಮುಂಚೆ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಹಿವಾಟಿನ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿರಲಿ. ದುಡ್ಡು ಆ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತೆ. ಹಾರೋ ಮುಂಚೆ ತಿಳಿಸಿದರೆ ಅಲ್ಲೇ ತಡೆಹಿಡಿಯೋ ಸಾಧ್ಯತೆ ಇದೆ. ಬ್ಯಾಂಕಿಗೂ ಬರಹದಲ್ಲೇ ದೂರು ಕೊಟ್ಟು ದೂರಿನ ಸಂಖ್ಯೆ ಇಸ್ಕೊಳ್ಳಿ, ಬಾಯಿಮಾತು ನಂಬಬೇಡಿ. ನಂಬರ್ ಬೇಕಿದ್ದರೆ ಆಪ್ ಒಳಗಿಂದ, ಕಾರ್ಡಿನ ಹಿಂಭಾಗದಿಂದ ತಗೊಳ್ಳಿ. ಹುಡುಕಬೇಡಿ. ಹುಡುಕಲೇಬೇಡಿ.

ಇನ್ನೊಂದು ವಿಷಯ. ದೂರು ಕೊಟ್ಟ ಮೇಲೆ ಹೊಸಬನೊಬ್ಬ ಫೋನ್ ಮಾಡಿದ. ಸೈಬರ್ ಸೆಲ್ ಅಂತೆ, ನನ್ನ ದುಡ್ಡು ಸಿಕ್ಕಿದೆಯಂತೆ, ಬಿಡಿಸೋಕೆ ಬರೀ 999 ರೂಪಾಯಿ ಪ್ರೋಸೆಸಿಂಗ್ ಫೀಸ್ ಅಂತೆ. ಹೋದ ಮೊತ್ತ ಎಷ್ಟು ಅಂತ ನಾನು ಹೇಳೋ ಮುಂಚೆ ಅವನೇ ಹೇಳಿದ. ಇವರೂ ಅದೇ ಗುಂಪಿನವರು. ಬೈದು ಇಟ್ಟೆ, ಆ ನಂಬರನ್ನೂ 1930ಕ್ಕೆ ಕೊಟ್ಟೆ.