ಲಾರಿಯ ಬಂಪರ್ ಗಾರ್ಡ್, ಟೂಲ್ ಬಾಕ್ಸ್, ಕೊಂಡಿಗಳು: ತುಕ್ಕಿಗೆ ಯಾವ ಮದ್ದು, ಮೇಲೆ ಯಾವ ಬಣ್ಣ?

ಆಯುಧ ಪೂಜೆ ಹತ್ತಿರ ಬಂತು ಅಂದರೆ ದಾವಣಗೆರೆಯಲ್ಲಿ ಲಾರಿಗಳಿಗೆ ಹೊಸ ಬಣ್ಣ ಹಚ್ಚುವ ಗಡಿಬಿಡಿ. ಎಷ್ಟೋ ಕಡೆ ತುಕ್ಕಿನ ಮೇಲೇ ಎನಾಮೆಲ್ ಬಳಿದು ಮುಗಿಸುತ್ತಾರೆ. ಪೂಜೆಯ ದಿನ ಗಾಡಿ ಮಿರಮಿರ ಮಿಂಚುತ್ತದೆ. ಆಮೇಲೆ ಅದೇ ಜಾಗದಲ್ಲಿ ಬಣ್ಣ ಉಬ್ಬಿ ಚಕ್ಕೆ ಏಳುತ್ತದೆ.

ನಮ್ಮ ಲಾರಿ ಮೆಕ್ಕೆಜೋಳ, ಗೊಬ್ಬರ ಎರಡನ್ನೂ ಹೊರುತ್ತದೆ. ಮಂಗಳೂರಿಗೂ ಹೋಗಿಬರುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಕಡಲ ಗಾಳಿಯಲ್ಲಿ ಉಪ್ಪಿದೆ. ಕಬ್ಬಿಣಕ್ಕೆ ಎರಡೂ ಆಗಿಬರುವುದಿಲ್ಲ. ಹಾಗಾಗಿ ಒಂದೇ ಗಾಡಿಯ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ವಿಧಾನ ಮಾಡಿ ನೋಡಿದೆ.

ಮೊದಲು ಗ್ರೈಂಡರ್. ವೈರ್ ಕಪ್, ಅಂದರೆ ಬಟ್ಟಲಿನಾಕಾರದ ತಂತಿ ಬ್ರಷ್, ಹಾಕಿದರೆ ಬಂಪರ್ ಗಾರ್ಡ್ ಪೈಪು ಬೇಗ ಹೊಳೆಯುತ್ತದೆ. ಆ ಹೊಳಪನ್ನು ನಂಬಬೇಡಿ. ತಂತಿ ಎಷ್ಟೋ ಸಲ ತುಕ್ಕನ್ನು ಕೀಳುವುದಿಲ್ಲ, ಉಜ್ಜಿ ಪಾಲಿಶ್ ಮಾಡುತ್ತದೆ ಅಷ್ಟೇ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ: ಸಾಸಿವೆ ಕಾಳಿನಷ್ಟು ಸಣ್ಣ ಕುಳಿಗಳು, ತಳದಲ್ಲಿ ಕಪ್ಪು ಕಂದು ಬಣ್ಣ. ಮೊಳೆಯ ತುದಿಯಿಂದ ಕೆದಕಿದರೆ ಪುಡಿ ಉದುರುತ್ತದೆ. ಹೊಸ ಬಣ್ಣ ಏಳುವುದು ಅಲ್ಲಿಂದಲೇ. ಉಜ್ಜುಕಾಗದದ ಪಟ್ಟಿಗಳಿರುವ ಫ್ಲಾಪ್ ಡಿಸ್ಕ್ ಕುಳಿಯನ್ನೂ ತೆಗೆಯುತ್ತದೆ, ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ. ದಪ್ಪ ಪೈಪಿಗೆ ಸರಿ. ಟೂಲ್ ಬಾಕ್ಸಿನ ತೆಳು ತಗಡಿಗೆ ಹಚ್ಚಿದರೆ ತೂತು ಬೀಳುತ್ತದೆ.

ಕುಳಿಯ ತುಕ್ಕಿಗೆ ನನಗೆ ಒಗ್ಗಿದ್ದು ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್. ವೈರ್ ಕಪ್‌ನಿಂದ ಚಕ್ಕೆ ತೆಗೆದು ಇದನ್ನು ಹಚ್ಚಿದರೆ ಉಳಿದ ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು. ಆಮ್ಲ ಉಳಿದರೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟು) ಹಿಡಿಯುವುದಿಲ್ಲ. ಪಟ್ಟಾ ಸ್ಪ್ರಿಂಗ್, ಹೈಟೆನ್ಸೈಲ್ ಬೋಲ್ಟುಗಳಿಗೆ ಮಾತ್ರ ಯಾವ ಆಮ್ಲವೂ ಬೇಡ. ಹೈಡ್ರೋಜನ್ ಒಳಹೊಕ್ಕು ಉಕ್ಕು ಪೆಡಸಾಗಿ ಮುರಿಯಬಹುದು.

ಹಗ್ಗದ ಕೊಂಡಿ, ಹಿಂಜು, ಜಾಕ್ ಹ್ಯಾಂಡಲ್‌ನಂಥ ಬಿಡಿ ಸಾಮಾನಿಗೆ ಬ್ಯಾಟರಿ ಚಾರ್ಜರ್ ವಿಧಾನವೇ ನನಗೆ ಎಲ್ಲಕ್ಕಿಂತ ಇಷ್ಟ. ಪ್ಲಾಸ್ಟಿಕ್ ಬಕೆಟ್, ನೀರು, ವಾಷಿಂಗ್ ಸೋಡಾ. ತುಕ್ಕಿನ ಸಾಮಾನಿಗೆ ನೆಗೆಟಿವ್, ಗುಜರಿ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕು ಕಪ್ಪು ಕೆಸರಾಗಿ ಸಡಿಲವಾಗುತ್ತದೆ, ಬ್ರಷ್ಷಿನಲ್ಲಿ ತೊಳೆದರೆ ಹೋಗುತ್ತದೆ. ಒಳ್ಳೆಯ ಕಬ್ಬಿಣ ಒಂಚೂರೂ ಸವೆಯುವುದಿಲ್ಲ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಗುಜರಿ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಿ, ಬೀಡಿ ದೂರ ಇರಲಿ. ಸ್ಪ್ರಿಂಗ್, ಬೋಲ್ಟ್ ವಿಷಯದ ಎಚ್ಚರಿಕೆ ಇಲ್ಲಿಗೂ ಅನ್ವಯ.

ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಎಲ್ಲಕ್ಕಿಂತ ಶುದ್ಧ, ಆದರೆ ದುಬಾರಿ. ಬರಿಮೈಯ ಕಬ್ಬಿಣ ಅದೇ ದಿನ ಪ್ರೈಮರ್ ಕಾಣಬೇಕು, ಇಲ್ಲದಿದ್ದರೆ ಮತ್ತೆ ಕೆಂಪು ತಿರುಗುತ್ತದೆ. ಬ್ಲಾಸ್ಟಿಂಗ್ ಮಾಡುವ ಹುಡುಗರಿಗೆ ಸರಿಯಾದ ಮಾಸ್ಕ್ ಇದೆಯಾ ಅಂತ ದಯವಿಟ್ಟು ನೋಡಿ. ಆ ಮರಳಿನ ಧೂಳು ಶ್ವಾಸಕೋಶವನ್ನೇ ಹಾಳುಮಾಡುತ್ತದೆ.

ಇನ್ನು ಬಣ್ಣ. ಟೂಲ್ ಬಾಕ್ಸಿಗೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮೆಲ್ ಹಚ್ಚಿದೆ. ಅಗ್ಗ, ಬ್ರಷ್ಷಿನಲ್ಲೇ ಆಗುತ್ತದೆ. ಬಂಪರ್ ಗಾರ್ಡಿಗೆ ಎಪಾಕ್ಸಿ ಪ್ರೈಮರ್, ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಹಿಡಿತ ಬಹಳ ಜಾಸ್ತಿ. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಹಾಗಾಗಿ ಮೇಲಿನ ಕೋಟು ಬೇಕೇ ಬೇಕು. ಪಿಯು ಸ್ಪ್ರೇ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಅದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೋಸಯನೇಟ್ ಎಂಬ ರಾಸಾಯನಿಕ ಇದೆ. ಮಾಮೂಲಿ ರೆಡ್ ಆಕ್ಸೈಡ್ ಮೇಲೆ ಪಿಯು ಹೊಡೆಯಬೇಡಿ, ಥಿನ್ನರ್ ತಾಗಿ ಕೆಳಗಿನ ಕೋಟು ಸುಕ್ಕುಗಟ್ಟಿ ಏಳುತ್ತದೆ.

ಸೈಡ್ ಗಾರ್ಡಿಗೆ ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿ ಕೂರಿಸಿ ಬೇಯಿಸುವ ಕೋಟು, ಮಾಡಿಸಿದೆ. 180ರಿಂದ 200 ಡಿಗ್ರಿಯ ಓವನ್ನಿನಲ್ಲಿ ಬೆಂದು ಬರುವ ಆ ನುಣುಪು ಬ್ರಷ್ಷಿಗೆ ಎಂದೂ ಬರಲ್ಲ. ಆದರೆ ಚಿತ್ರದುರ್ಗ ದಾಟುವಾಗ ಹೆದ್ದಾರಿ 48ರಲ್ಲಿ ಒಂದು ಜಲ್ಲಿಕಲ್ಲು ಬಡಿದರೆ ಸಾಕು. ಆ ಏಟಿನ ಕೆಳಗೆ ತುಕ್ಕು ಸದ್ದಿಲ್ಲದೆ ಹರಡುತ್ತದೆ, ಕೋಟು ಹಾಳೆಯಂತೆ ಏಳುತ್ತದೆ. ಅಲ್ಲಿಗೆ ಪೌಡರನ್ನೇ ಮತ್ತೆ ಕೂರಿಸಲು ಬಿಚ್ಚಿ ಓವನ್ನಿಗೇ ಒಯ್ಯಬೇಕು. ಎಪಾಕ್ಸಿ, ಪಿಯು ಆದರೆ ಏಟು ಬಿದ್ದಷ್ಟು ಜಾಗ ಉಜ್ಜಿ ನಾನೇ ಮತ್ತೆ ಹಚ್ಚಬಲ್ಲೆ. ಕಲ್ಲೇಟು ತಪ್ಪದ ಲಾರಿಗೆ ನನ್ನ ಆಯ್ಕೆ ಇದೇ. ಕ್ಯಾಬಿನ್ ಒಳಗಿನ ಸಾಮಾನಿಗೆ ಪೌಡರ್ ಕೋಟಿಂಗ್ ಧಾರಾಳವಾಗಿ ಮಾಡಿಸಿ.

ಯಾವುದೇ ಬಣ್ಣವಾಗಲಿ, ಆಷಾಢದಲ್ಲಿ ಬಯಲಿನಲ್ಲಿ ಬೇಡ. ನಮ್ಮ ಕಡೆ ಆ ಗಾಳಿಗೆ ಹಸಿ ಬಣ್ಣದ ಮೇಲೆಲ್ಲ ಧೂಳು ಕೂರುತ್ತದೆ. ಬೇಸಿಗೆ ಶುರುವಾಗುವ ಹೊತ್ತು, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಹಚ್ಚಿದರೆ ಚೆನ್ನ.

ಪೈಪಿನ ಒಳಗನ್ನೂ ನೋಡಿ. ಗಾರ್ಡಿನ ಬೆಸುಗೆ ಸಂದಿಯಿಂದ ನೀರು ಒಳಗೆ ಇಳಿದು ನಿಂತರೆ ಹೊರಗಿನ ಯಾವ ಬಣ್ಣವೂ ಉಳಿಸುವುದಿಲ್ಲ. ಬಣ್ಣಕ್ಕೆ ಮೊದಲು ಅತಿ ಕೆಳಗಿನ ಬಾಗಿನಲ್ಲಿ ನೀರಿಳಿಯಲು ಒಂದು ಸಣ್ಣ ತೂತು ಕೊರೆಸಿ, ಬಣ್ಣ ಒಣಗಿದ ಮೇಲೆ ಅದೇ ತೂತಿನಿಂದ ಒಳಕ್ಕೆ ಕ್ಯಾವಿಟಿ ವ್ಯಾಕ್ಸ್ (ಒಳಗೆ ತುಕ್ಕು ತಡೆಯುವ ಮೇಣ) ಹೊಡೆಸಿ.