ಗಟ್ಟಿಂಗ್ ಮೇಷ್ಟ್ರು ಇಲ್ಲ, ಅವರ ಕೈಗುಣ ಅಂಗಡೀಲಿದೆ

ಮೈಸೂರಿನ ಸರಸ್ವತಿಪುರಂ ಕಡೆ ನಾವು ಶಟಲ್ ಆಡೋ ಕ್ಲಬ್ ಕಾಂಪೌಂಡಿಗೆ ಅಂಟ್ಕೊಂಡು ಒಂದು ಸಣ್ಣ ಗಟ್ಟಿಂಗ್ ಅಂಗಡಿ, ಅಂದ್ರೆ ಬ್ಯಾಟಿಗೆ ಗಟ್ (ದಾರದ ಬಲೆ) ಬಿಗಿದು ಕೊಡೋ ಅಂಗಡಿ ಇದೆ, ಬೋರ್ಡ್ ಏನಿಲ್ಲ, ಬಾಗಿಲ ಮೇಲೆ ಗಟ್ ಇಲ್ದಿರೋ ಹಳೇ ಮರದ ಬ್ಯಾಟೊಂದು ನೇತಾಡ್ತಿರುತ್ತೆ ಅಷ್ಟೇ. ಹೋದ ವರ್ಷ ದೀಪಾವಳಿ ಆದ್ಮೇಲೆ ಅದನ್ನ ನಡೆಸ್ತಿದ್ದ ಮೇಷ್ಟ್ರು ತೀರ್ಕೊಂಡ್ರು, ಅವತ್ತಿಂದ ನಾನು ಆ ಕಡೆ ಹೋಗೇ ಇರ್ಲಿಲ್ಲ. ಈಗ ಅವರ ಹತ್ರ ಕೆಲಸ ಕಲ್ತ ಹುಡುಗ ನಡೆಸ್ತಿದಾನೆ, ನಾಲ್ಕು ಸಲ ಗಟ್ ಹಾಕಿಸಿದ ಮೇಲೆ ಇದನ್ನ ಬರೀತಿದೀನಿ.

ಮೊದ್ಲು ಮೇಷ್ಟ್ರ ಬಗ್ಗೆ ಹೇಳ್ಬೇಕು, ಇಲ್ದಿದ್ರೆ ಅಂಗಡಿ ಅರ್ಥ ಆಗಲ್ಲ. ಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿದ್ದೋರು, ನಮ್ಮ ಕ್ಲಬ್ಬಲ್ಲಿ ಮೂವತ್ತು ವರ್ಷದ ಮೇಲೆ ಮೆಂಬರ್. ಬೆಳಿಗ್ಗೆ ಐದೂವರೆಗೆ ಬೀಗ ತೆಗೆಯೋರು ಅವರೇ, ಕೋರ್ಟ್ ಗುಡಿಸೋರೂ ಅವರೇ. ನೆಟ್ ಕಟ್ಟೋಕೆ ಒಂದು ಬಿದಿರು ಕೋಲು ಇಟ್ಕೊಂಡಿದ್ರು, ಅದ್ರಲ್ಲಿ ಎರಡು ಗೆರೆ, ನಡುವೆ 5 ಅಡಿ, ಕಂಬದ ಹತ್ರ 5 ಅಡಿ 1 ಇಂಚು, ದಿನಾ ಅಳೆದೇ ಕಟ್ಟೋರು. 1980ರಲ್ಲಿ ಪ್ರಕಾಶ್ ಪಡುಕೋಣೆ ಲಿಯೆಮ್ ಸ್ವೀ ಕಿಂಗ್‌ನ ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದಿದ್ದನ್ನ ಹೇಳೋಕೆ ಶುರು ಮಾಡಿದ್ರೆ 15-3, 15-10 ಅಂತ ಸ್ಕೋರ್ ಹೇಳ್ದೆ ಬಿಡ್ತಿರ್ಲಿಲ್ಲ. 2006ರಲ್ಲಿ 21 ಪಾಯಿಂಟ್ ಆಟ ಬಂತಲ್ಲ, ಅದಕ್ಕೂ ಮುಂಚೆ ಸರ್ವಿಸ್ ಮಾಡೋರಿಗೆ ಮಾತ್ರ ಪಾಯಿಂಟು, ಮೇಷ್ಟ್ರು ಮಾತ್ರ ಕೊನೇವರೆಗೂ ಡಬಲ್ಸ್ ಆಡ್ವಾಗ ಬಾಯ್ತಪ್ಪಿ "ಸೆಕೆಂಡ್ ಹ್ಯಾಂಡ್" (ಹಳೇ ಆಟದಲ್ಲಿ ಜೋಡೀಲಿ ಎರಡನೆಯವರ ಸರ್ವಿಸ್ ಸರದಿ) ಅಂತ ಕೂಗ್ಬಿಡೋರು, ಯಾರೂ ತಿದ್ತಿರ್ಲಿಲ್ಲ. ಅವರು ಹೋದ ದಿನ ಬೆಳಿಗ್ಗೆ ಎಲ್ಲ ಬಂದ್ವಿ, ಆದ್ರೆ ನೆಟ್ ಕಟ್ಟೋಕೆ ಯಾರಿಗೂ ಕೈ ಬರ್ಲಿಲ್ಲ.

ಈಗ ಕೆಲಸದ ಬಗ್ಗೆ. ತೂಕದ ಗುಂಡು ಇಳಿಬಿಡೋ ಹಳೇ ಮಷೀನು, ಮೇಷ್ಟ್ರದ್ದೇ. ಕರೆಂಟ್ ಬೇಡ, ಕಡ್ಡಿ ಮೇಲೆ ಗುಂಡನ್ನ ಎಷ್ಟು ದೂರ ಸರಿಸ್ತೀವೋ ಅಷ್ಟು ಪೌಂಡ್, ಅಂದ್ರೆ ಗಟ್ ಅಷ್ಟು ಬಿಗಿ. ನಿಧಾನ ಕಣ್ರೀ, ಒಂದು ಬ್ಯಾಟಿಗೆ ಮುಕ್ಕಾಲು ಗಂಟೆ ಆದ್ರೂ ಬೇಕು, ಆದ್ರೆ ಪ್ರತಿ ಎಳೇನೂ ಕಡ್ಡಿ ಸಮ ನಿಂತ ಮೇಲೇನೇ ಕ್ಲಾಂಪ್ ಹಾಕ್ತಾನೆ. ಎಲ್ಲ ಮುಗಿದ ಮೇಲೆ ಬೆರಳಲ್ಲಿ ಮೀಟಿ ಕಿವಿ ಹತ್ರ ಹಿಡಿತಾನೆ, ಥೇಟ್ ಮೇಷ್ಟ್ರ ಥರಾನೇ, ಅದನ್ನ ನೋಡಿ ಮೊದಲ ಸಲ ನಂಗೆ ಮಾತೇ ಹೊರಡ್ಲಿಲ್ಲ.

ಬ್ಯಾಟ್ ಕೊಟ್ಟ ತಕ್ಷಣ ಎಷ್ಟು ಪೌಂಡ್ ಅಂತ ಕೇಳಲ್ಲ. ವಾರಕ್ಕೆ ಎಷ್ಟು ದಿನ ಆಡ್ತೀರಾ, ಸ್ಮ್ಯಾಶ್ ಜಾಸ್ತೀನಾ ಡ್ರಾಪ್ ಜಾಸ್ತೀನಾ, ಕೈ ನೋವೇನಾದ್ರೂ ಇದ್ಯಾ ಅಂತ ಕೇಳ್ತಾನೆ, ಆಮೇಲೆ ಫ್ರೇಮ್ ಎಷ್ಟು ತಡ್ಕೊಳುತ್ತೆ ಅಂತ ಬ್ಯಾಟ್ ಮೇಲೆ ಬರೆದಿರೋದನ್ನ ಓದ್ತಾನೆ. ನಡುವೆ ಒಂದ್ಸಲ ಊರಲ್ಲಿ ಬೇರೆ ದೊಡ್ಡ ಅಂಗಡಿಗೆ ಕೊಟ್ಟಿದ್ದೆ, ಹೆಸರು ಬೇಡ, ಅಲ್ಲಿ ಇದೊಂದೂ ನೋಡ್ದೆ ಬಿಗಿದು ಕೊಟ್ರು, ಎರಡೇ ವಾರಕ್ಕೆ ಫ್ರೇಮ್ ಬಿರುಕು ಬಿಡ್ತು. ಪೌಂಡ್ ಜಾಸ್ತಿ ಆದಷ್ಟೂ ಹೊಡ್ತ ಜೋರು ಅಂತ ಸುಮಾರು ಜನ ಅನ್ಕೊಂಡಿದಾರೆ, ಅದು ತಪ್ಪು. ಬಿಗಿ ಇದ್ರೆ ಹಿಡಿತ ಸಿಗುತ್ತೆ, ಆದ್ರೆ ಸರಿಯಾಗಿ ನಡುವೆ ತಗುಲ್ದಿದ್ರೆ ಕಾಕ್ ಹೋಗೋದೇ ಇಲ್ಲ, ಭುಜಕ್ಕೂ ಹೊಡ್ತ.

ಮೇಷ್ಟ್ರ ಉದ್ದನೆ ನೋಟ್‌ಬುಕ್ ಅಲ್ಲೇ ಇದೆ. ಒಬ್ಬೊಬ್ರಿಗೆ ಒಂದೊಂದು ಪುಟ, ತಾರೀಖು, ಯಾವ ಗಟ್ಟು, ಎಷ್ಟು ಪೌಂಡು. ಹುಡುಗ ನನ್ನ ಪುಟ ತೆಗೆದು ತೋರಿಸ್ದ. 20, 22, 22, 23, ಆಮೇಲೆ ಇದ್ದಕ್ಕಿದ್ದಂಗೆ 21, ಪಕ್ಕದಲ್ಲಿ ನೀಲಿ ಪೆನ್ನಲ್ಲಿ "ಭುಜ ನೋವು, ಹೇಳ್ಬೇಡ" ಅಂತ ಬರೆದಿದೆ. ನಾನು ಆಗ 23 ಅಂತಾನೇ ಹಠ ಮಾಡಿದ್ದೆ, ಸರಿ ಮಗಾ ಅಂದಿದ್ರು. ಆಮೇಲೆ ಎರಡು ವರ್ಷ ನೋವೇ ಇಲ್ದೆ ಆಡಿದೀನಿ, ಯಾಕೆ ಅಂತ ಯೋಚ್ನೇನೂ ಮಾಡಿರ್ಲಿಲ್ಲ. ಈಗ್ಲೂ 21ನೇ ಹಾಕಪ್ಪ ಅಂದೆ.

ಗಟ್ ನಾವೇ ತಗೊಂಡ್ಹೋದ್ರೆ ಕೂಲಿ 150 ರೂಪಾಯಿ. ನಾನು ಯೋನೆಕ್ಸ್ ಕಂಪ್ನಿ ಗಟ್ಟು ಬಿಜಿ 65 ಹಾಕಿಸ್ತೀನಿ, 0.70 ಎಂಎಂ ದಪ್ಪ, ವಾರಕ್ಕೆ ಮೂರು ದಿನ ಆಡೋರಿಗೆ ಬಾಳಿಕೆ ಬರುತ್ತೆ. ಬಿಜಿ 66 ತೆಳು, ಸೌಂಡ್ ಚೆನ್ನಾಗಿರುತ್ತೆ, ಆದ್ರೆ ಬೇಗ ಕಟ್ ಆಗುತ್ತೆ. ಗಟ್ ಕಟ್ ಆದ್ರೆ ಹಂಗೇ ಬ್ಯಾಗಲ್ಲಿ ಇಡ್ಬೇಡಿ, ಒಂದು ಕಡೆ ಎಳೆತ ಬಿದ್ದು ಫ್ರೇಮ್ ಸೊಟ್ಟ ಆಗುತ್ತೆ, ಉಳಿದಿದ್ದನ್ನೂ ನಡುವಿಂದ ಕತ್ತರಿಸಿಬಿಟ್ಟು ತಗೊಂಡ್ಹೋಗಿ. ಕೊರತೆ ಅಂದ್ರೆ ಒಂದೇ, ಅರ್ಜೆಂಟ್ ಅಂದ್ರೆ ಆಗಲ್ಲ. ದಸರಾ ಕ್ರೀಡಾಕೂಟದ ಟೈಮಲ್ಲಿ ಬ್ಯಾಟುಗಳು ರಾಶಿ ಬಿದ್ದಿರುತ್ವೆ, ಒಂದು ವಾರ ಮುಂಚೆನೇ ಕೊಡಿ. ಸಂಜೆ ಐದರಿಂದ ಒಂಬತ್ತು, ಸೋಮವಾರ ರಜಾ. ಹೋದ್ರೆ ನಿಮ್ಮ ಪುಟ ಇದ್ಯಾ ಅಂತ ಕೇಳಿ, ಹಳೇ ಮೆಂಬರ್ ಆಗಿದ್ರೆ ಖಂಡಿತ ಇರುತ್ತೆ.